ಹಿಂಬಾಗಿಲು ಮುಚ್ಚಿದೆಯೆಂದು ಸಾರಿದ ಅಧಿಕಾರಿಗಳಿಗೆ

ನಗರದ ಸಾರ್ವಜನಿಕ ಇಂಟರ್‌ನೆಟ್ ಕೊಠಡಿಯ ಉಸ್ತುವಾರಿ ಹೊತ್ತ ಮಾನ್ಯರೇ,

ನಿಮ್ಮ ಕೊಠಡಿಯ ಕಂಪ್ಯೂಟರಿನೊಳಗೆ ಅಪರಿಚಿತನೊಬ್ಬ ಹೊಕ್ಕು ಕೂತು, ಅಲ್ಲಿ ಟೈಪ್ ಮಾಡಿದವರ ಪತ್ರಗಳನ್ನು ಓದುತ್ತಿದ್ದ. ಅದನ್ನು ನಾನು ಬಂದು ಹೇಳಿದ ಮೇಲೂ ನೀವು ಸಮಾರಂಭ ನಡೆಸಿ, 'ನಮ್ಮ ಯಂತ್ರಗಳು ಈಗ ಸಂಪೂರ್ಣ ನಿರೋಗಿ' ಎಂದು ಘೋಷಿಸಿ, ಲಕ್ಷ್ಮೀಪುರಂನ ಸರ್ವಮಂಗಳಾ ಅವರಿಗೆ ಶಾಲು ಹೊದಿಸಿ, 'ಗಣಕ ವೈದ್ಯೆ' ಎಂದು ಹೊಗಳಿ ಕಳುಹಿಸಿದಿರಿ. ಇದು ನನ್ನ ದೂರು. ಇದರಲ್ಲಿ ಹೊಟ್ಟೆಕಿಚ್ಚು ಬೆರೆತಿದೆ ಎಂದು ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಬೆರೆತಿದೆ, ಧಾರಾಳವಾಗಿಯೇ. ಆದರೆ ದೂರು ಕೊಟ್ಟವಳಿಗೆ ಹೊಟ್ಟೆಕಿಚ್ಚು ಇದ್ದ ಮಾತ್ರಕ್ಕೆ ನಿಮ್ಮ ಕಂಪ್ಯೂಟರ್ ನಿರೋಗಿಯಾಗಿಬಿಡುತ್ತದೆಯೇ?

ಸರ್ವಮಂಗಳಾ ಮತ್ತು ನಾನು ಒಟ್ಟಿಗೆ ಕಂಪ್ಯೂಟರ್ ಕಲಿತವರು. ಅಗ್ರಹಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಟ್ಟಿಗೇ ತರಬೇತಿ ಕೇಂದ್ರ ತೆರೆದವರು. ನಾನು ಪುಸ್ತಕ ಓದಿ ತಲೆ ಕೆಡಿಸಿಕೊಳ್ಳುತ್ತಿದ್ದರೆ ಅವಳು ಬಂದವರ ಜೊತೆ ನಗುನಗುತ್ತಾ ಮಾತಾಡಿ ಅವರನ್ನು ಸೇರಿಸಿಕೊಳ್ಳುತ್ತಿದ್ದಳು. ಆಮೇಲೆ ಅವಳು ಲಕ್ಷ್ಮೀಪುರಂನಲ್ಲಿ ಗಾಜಿನ ಬಾಗಿಲಿನ, ತಣ್ಣಗಿನ ಸ್ವಂತ ಕೇಂದ್ರ ಮಾಡಿಕೊಂಡಳು. ನಾನು ಇದ್ದಲ್ಲೇ ಇದ್ದೇನೆ, ಬೀದಿಯ ಧೂಳು ಕೀಬೋರ್ಡಿಗೆ ಬೀಳದಂತೆ ಹಳೆಯ ಸೀರೆಯ ತುಂಡು ಹೊದಿಸುತ್ತಾ. ಅವಳ ಬಾಗಿಲಿನ ಮೇಲೂ ನನಗೆ ಅಸೂಯೆ, ಯಾರೊಂದಿಗೂ ಜಗಳವಾಡದ ಅವಳ ನಾಲಿಗೆಯ ಮೇಲೂ ಅಸೂಯೆ.

ಇನ್ನು ನಡೆದ ಸಂಗತಿ. ಶಿಲ್ಪಶ್ರೀ ನನ್ನ ವಿದ್ಯಾರ್ಥಿನಿ, ಈಗ ಶಾಲೆಯೊಂದರಲ್ಲಿ ಶಿಕ್ಷಕಿ. ಅವಳ ಹೆಸರು ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಮನೆಯವರು ನೋಡಿದ ಸಂಬಂಧ ಅವಳಿಗೆ ಇಷ್ಟವಿರಲಿಲ್ಲ. ಅದನ್ನು ತಂದೆಗೆ ಹೇಗೆ ಹೇಳಲಿ ಎಂದು ಕೇಳಿ ಅವಳು ನಿಮ್ಮ ಕೊಠಡಿಯಲ್ಲಿ ಕೂತು ಗೆಳತಿಗೆ ಇ-ಮೇಲ್ ಬರೆದಳು. ಕೆಲವೇ ದಿನಗಳಲ್ಲಿ ಯಾರೋ ಅವಳ ಮನೆಗೆ ಫೋನ್ ಮಾಡಿ, ಆ ಪತ್ರದ ಸಾಲುಗಳನ್ನು ಅವಳ ತಂದೆ ಸದಾಶಿವಯ್ಯನವರಿಗೆ ಓದಿ ಹೇಳಿ ನಕ್ಕು ಇಟ್ಟರು. ಹುಡುಗಿ ನನ್ನ ಮುಂದೆ ಕೂತು ಅತ್ತಳು. "ಮಿಸ್, ನಾನು ಯಾರ್ಗೂ ತೋರಿಸ್ಲಿಲ್ಲ. ಪಾಸ್‌ವರ್ಡೂ ಯಾರ್ಗೂ ಗೊತ್ತಿಲ್ಲ. ಅಪ್ಪ ಮಾತೇ ಬಿಟ್ಬುಟ್ಟಿದ್ದಾರೆ."

ಅವಳು ಕೂತಿದ್ದ ಕಂಪ್ಯೂಟರ್ ನೋಡಲು ನಾನೇ ಬಂದೆ. ನಾನು ಕೈ ತೆಗೆದಿದ್ದರೂ ಪರದೆಯ ಮೇಲಿನ ಬಾಣ ತಾನಾಗಿ ಸರಿದಾಡುತ್ತಿತ್ತು. ನಿಮ್ಮ ಸಹಾಯಕ ಮಹದೇವು ಅವರನ್ನು ಕರೆದು ತೋರಿಸಿದೆ.

"ಅದು ಅಂಗೇ ಕಣ್ರೀ ಮೇಡಮ್, ಹಳೇ ಮಿಷಿನ್ನು. ಒಂದೊಂದ್ಸಲ ತಾನೇ ಓಡಾಡ್ಬುಡ್ತದೆ" ಎಂದರು. ಇತ್ತೀಚೆಗೆ ಏನಾದರೂ ಹೊಸದು ಹಾಕಿದ್ದೀರಾ ಎಂದು ಕೇಳಿದೆ. "ಮೇಲ್‌ನಲ್ಲಿ ದೀಪಾವಳಿಗೆ ಒಂದು ಪಟಾಕಿ ಬಂದಿತ್ತು. ಒತ್ತಿದ್ರೆ ಪರದೆ ತುಂಬ ಹೂಕುಂಡ. ಸಾಹೇಬ್ರೂ ನೋಡಿ ಖುಷಿ ಪಟ್ರು."

ಆ ಹೂಕುಂಡವೇ ಬಾಗಿಲು ತೆರೆದದ್ದು, ಮಾನ್ಯರೇ. ಅದು ಚಿತ್ರವಲ್ಲ, ಪ್ರೋಗ್ರಾಮು. ನೀವು ಖುಷಿ ಪಡುತ್ತಿದ್ದಾಗ ಅದು ಇನ್ನೊಂದು ಪ್ರೋಗ್ರಾಮನ್ನು ವಿಂಡೋಸ್‌ನ ಕಡತಗಳ ನಡುವೆ, ಅವುಗಳದ್ದೇ ಎನ್ನಿಸುವ ಹೆಸರಿನಲ್ಲಿ ಬಚ್ಚಿಟ್ಟಿತು. ಕಂಪ್ಯೂಟರ್ ಚಾಲೂ ಮಾಡಿದಾಗಲೆಲ್ಲ ತಾನೂ ಏಳುವಂತೆ ಏರ್ಪಾಟು ಮಾಡಿಕೊಂಡಿತು. ಇಂಟರ್‌ನೆಟ್ ಸಂಪರ್ಕ ಸಿಕ್ಕಿದೊಡನೆ, ಎಲ್ಲೋ ಕೂತ ತನ್ನ ಯಜಮಾನನಿಗೆ ಹಿಂಬಾಗಿಲು ತೆಗೆಯಿತು. ಅವನು ಅಲ್ಲಿಂದಲೇ ಪರದೆ ನೋಡಬಲ್ಲ, ಬಾಣ ಆಡಿಸಬಲ್ಲ, ಒತ್ತಿದ ಒಂದೊಂದು ಅಕ್ಷರವನ್ನೂ, ಪಾಸ್‌ವರ್ಡನ್ನೂ ಓದಬಲ್ಲ. ನಿಮ್ಮಲ್ಲಿ ಆಂಟಿವೈರಸ್ ಇತ್ತು, ನಿಜ. ಆದರೆ ಕೊಂಡ ದಿನದಿಂದ ಅದನ್ನು ಯಾರೂ ಅಪ್‌ಡೇಟ್ ಮಾಡಿರಲಿಲ್ಲ. ಹೊಸ ಕಳ್ಳನ ಗುರುತು ಅದಕ್ಕೆ ಹೇಗೆ ಸಿಗಬೇಕು?

ಇದನ್ನೆಲ್ಲ ನಿಮ್ಮ ಕೋಣೆಗೆ ಬಂದು ನಿಂತುಕೊಂಡೇ ವಿವರಿಸಿದೆ. ಕುರ್ಚಿ ಖಾಲಿ ಇತ್ತು, ಕೂರಿ ಎನ್ನಲಿಲ್ಲ. "ನೋಡೋಣಮ್ಮ" ಎಂದಿರಿ. ನೋಡಲು ಸರ್ವಮಂಗಳಾಳನ್ನು ಕರೆಸಿದಿರಿ. ಅವಳಿಗೆ ಕಾಫಿಯೂ ಬಂತಂತೆ. ಅವಳು ಹೂಕುಂಡದ ಕಡತ ಅಳಿಸಿದಳು, ಬಾಣ ನಿಂತಿತು, ನೀವು ಸಮಾರಂಭ ಮಾಡಿದಿರಿ. ಹಾಲಿನ ಬೂತಿನ ಹತ್ತಿರ ಪತ್ರಿಕೆಯಲ್ಲಿ ಅವಳ ಫೋಟೋ ಕಂಡೆ. ಬೆಳಗಿನ ತಿಂಡಿ ಸೇರಲಿಲ್ಲ. ಶಾಲು ನೀಲಿಯೋ ಹಸಿರೋ ಎಂದು ಆ ಕಪ್ಪು ಬಿಳುಪು ಚಿತ್ರದಲ್ಲಿ ಹುಡುಕಿದವಳು ನಾನು. ಇದಕ್ಕಿಂತ ಸಣ್ಣತನ ಬೇಕೇ?

ಅಷ್ಟರಲ್ಲಿ ಶಿಲ್ಪಶ್ರೀ ಮನೆಗೆ ಮತ್ತೆ ಫೋನ್ ಬಂತು. ಈ ಸಲ ಓದಿದ್ದು ಸಮಾರಂಭವಾದ ಮೇಲೆ, ನಿಮ್ಮ ಘೋಷಣೆ ನಂಬಿ ಅವಳು ಅದೇ ಕೊಠಡಿಯಲ್ಲಿ ಹೊಸ ಪಾಸ್‌ವರ್ಡ್ ಹಾಕಿ ಬರೆದ ಸಾಲುಗಳು. ಅಂದರೆ ಹೂಕುಂಡ ಹೋಗಿತ್ತು, ಹಿಂಬಾಗಿಲು ಹಾಗೇ ಇತ್ತು; ಬಾಣ ನಿಂತದ್ದು ಕಳ್ಳ ಎಚ್ಚರ ವಹಿಸಿದ್ದರಿಂದ ಅಷ್ಟೇ. ನಾನು ನೇರ ಲಕ್ಷ್ಮೀಪುರಂಗೆ ಹೋದೆ. ಹುಡುಗಿಯ ಸಂಕಟ ನಿಜವೇ, ಆದರೆ ಗೆಳತಿಯನ್ನು ಸೋಲಿಸುವ ಸಂತೋಷವೂ ನನ್ನ ಕಾಲಿಗೆ ವೇಗ ಕೊಟ್ಟಿತ್ತು.

"ವೈದ್ಯರೇ, ರೋಗಿ ಇನ್ನೂ ನರಳ್ತಾ ಇದೆ" ಎಂದೆ.

ಸರ್ವಮಂಗಳಾ ಬಾಗಿಲು ಹಾಕಿಕೊಂಡು ಹೇಳಿದಳು: "ನಂಗೊತ್ತು ಕಣೇ ವೇದಾ. ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು, ಅಲ್ಲೀವರ್ಗೂ ಯಾರ್ನೂ ಕೂರಿಸ್ಬೇಡಿ ಅಂತ ಸಾಹೇಬ್ರಿಗೆ ಹೇಳ್ದೆ. ಕೊಠಡಿ ಮುಚ್ಚಿದ್ರೆ ಕೆಟ್ಟ ಹೆಸ್ರು, ಮೊದ್ಲು ಕಾರ್ಯಕ್ರಮ ಮುಗೀಲಿ ಅಂದ್ರು."

"ಮತ್ತೆ ಶಾಲು ಯಾಕೆ ಹೊದಿಸ್ಕೊಂಡೆ?"

"ಅಷ್ಟು ಜನರ ಮುಂದೆ ಬೇಡ ಅನ್ನೋ ಧೈರ್ಯ ನಂಗಿಲ್ಲ. ನಿಂಗಿದೆ. ಅದಕ್ಕೇ ನಿನ್ನ ಯಾರೂ ಕರೆಯಲ್ಲ." ಆಮೇಲೆ ಬ್ಯಾಗು ಎತ್ತಿಕೊಂಡು, "ನಡಿ, ಹೋಗೋಣ" ಎಂದಳು.

ಇಬ್ಬರೂ ಬಂದು ಕೇಳಿದಾಗ ನೀವು ಹೇಳಿದ್ದಿಷ್ಟೇ: "ಮಾಡಿ, ಸದ್ದಾಗಬಾರದು." ಮೊದಲು ಇಂಟರ್‌ನೆಟ್ ಬರುವ ಟೆಲಿಫೋನ್ ತಂತಿ ಕಿತ್ತೆವು, ಹೊರಗಿನವನ ದಾರಿ ಕಡಿಯಲು. ಅಡಗಿದ್ದ ಪ್ರೋಗ್ರಾಮನ್ನು ಪತ್ತೆ ಮಾಡಿ, ಪೊಲೀಸರಿಗೆಂದು ಒಂದು ಪ್ರತಿಯನ್ನು ಫ್ಲಾಪಿಯಲ್ಲಿಟ್ಟೆವು. ಅದೊಂದನ್ನೇ ಅಳಿಸಿ ಸುಮ್ಮನಾಗುವಂತಿರಲಿಲ್ಲ. ಒಳಗೆ ಓಡಾಡಿದವನು ಇನ್ನೇನು ಬಿಟ್ಟುಹೋಗಿದ್ದಾನೋ ಯಾರು ಬಲ್ಲರು? ಆದ್ದರಿಂದ ಬೇಕಾದ ಪತ್ರಗಳನ್ನಷ್ಟೇ ತಪಾಸಣೆ ಮಾಡಿ ತೆಗೆದಿಟ್ಟು, ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿ, ಮೂಲ ಸಿ.ಡಿ.ಯಿಂದ ವಿಂಡೋಸ್ ಹಾಕಿದೆವು. ಆಂಟಿವೈರಸ್ ಅಪ್‌ಡೇಟ್ ಮಾಡಿದೆವು. ಉಳಿದ ಕಂಪ್ಯೂಟರುಗಳಿಗೂ ಇದೇ ಚಿಕಿತ್ಸೆ. ಶಿಲ್ಪಶ್ರೀ ನನ್ನ ಕೇಂದ್ರದಲ್ಲಿ ಕೂತು ಮತ್ತೊಮ್ಮೆ ಪಾಸ್‌ವರ್ಡ್ ಬದಲಿಸಿದಳು.

ಸದಾಶಿವಯ್ಯನವರು ಮೊನ್ನೆ ಮಗಳ ಜೊತೆ ನಮ್ಮ ಮನೆಗೆ ಬಂದಿದ್ದರು. "ಯಾವನೋ ಕದ್ದು ಓದಿದ್ದನ್ನ ಕೇಳ್ಕೊಂಡು ಮಗಳ್ ಮೇಲೆ ಮುನಿಸ್ಕೊಂಡೆ ನೋಡಿ. ಅವಳ ಬಾಯಿಂದ್ಲೇ ಕೇಳ್ಬೇಕಿತ್ತು" ಎಂದರು. ಕೇಳಿದ್ದಾರೆ. ಆ ಸಂಬಂಧ ಬೇಡವೆಂದು ಹೇಳಿ ಕಳುಹಿಸಿದ್ದಾರೆ. ಆದರೆ ಫೋನ್ ಮಾಡಿದವನು ಯಾರು? ಪೊಲೀಸರು ಫ್ಲಾಪಿ ನೋಡಿ, "ಕೊಠಡಿಯವರು ಹೀಗಾಗಿತ್ತು ಅಂತ ಬರೆದುಕೊಡ್ಲಿ, ದೂರು ತಗೋತೀವಿ" ಎಂದರು. ನೀವು ಬರೆದುಕೊಡುತ್ತಿಲ್ಲ. ನಿರೋಗಿ ಎಂದು ಸಾರಿದ ಬಾಯಿಂದ ರೋಗವಿತ್ತು ಎನ್ನುವುದು ಕಷ್ಟ, ಅಲ್ಲವೇ? ನಿಮ್ಮ ಮರ್ಯಾದೆ ಉಳಿಸಲು ಆ ಹುಡುಗಿ ಇನ್ನೆಷ್ಟು ಕಾಲ ಫೋನಿನ ಗಂಟೆಗೆ ಬೆಚ್ಚಿಬೀಳಬೇಕು?

ಆದ್ದರಿಂದ ನನ್ನ ಬೇಡಿಕೆ: ಪೊಲೀಸರಿಗೆ ನಿಜವನ್ನು ಬರೆದುಕೊಡಿ. ದೀಪಾವಳಿಯಿಂದೀಚೆಗೆ ಇಲ್ಲಿ ಕೂತವರೆಲ್ಲ ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಬೇಕೆಂದು ಕೊಠಡಿಯ ಬಾಗಿಲಲ್ಲಿ ದೊಡ್ಡದಾಗಿ ಬರೆದು ಹಾಕಿ, ಪತ್ರಿಕೆಯಲ್ಲೂ ಹಾಕಿಸಿ.

ಈ ಪತ್ರಕ್ಕೆ ಸಹಿ ಮಾಡೆಂದು ಸರ್ವಮಂಗಳಾಳನ್ನೂ ಕೇಳಿದೆ. ನಿಧಾನವಾಗಿ ಎಲ್ಲ ಓದಿದಳು, ತನ್ನ ಬಗ್ಗೆ ಬರೆದದ್ದನ್ನೂ. ಒಂದಕ್ಷರ ತಿದ್ದಲಿಲ್ಲ. "ಮೊದ್ಲು ಕಂಡುಹಿಡಿದೋಳು ನೀನು, ನಿನ್ ಹೆಸರೊಂದೇ ಇರ್ಲಿ. ಸಾಹೇಬ್ರು ನನ್ ಕೇಳಿದ್ರೆ ಇದೆಲ್ಲ ನಿಜ ಅಂತೀನಿ" ಎಂದಳು. ಅಷ್ಟು ದೊಡ್ಡ ಮನಸ್ಸು ನನಗೇಕೆ ಬರಲಿಲ್ಲವೋ ಎಂದು ಯೋಚಿಸುತ್ತಾ ಮನೆಗೆ ನಡೆದುಬಂದೆ.

ಇಂತಿ,
ಗೆಳತಿಯ ಒಳ್ಳೆಯತನಕ್ಕೂ ಹೊಟ್ಟೆ ಉರಿದುಕೊಳ್ಳುವ,
ವೇದವತಿ
ಅಗ್ರಹಾರ, ಮೈಸೂರು