ಹಲ್ಲಿಗೆ ಹಿಡಿದ ಗಂಗಾಳ

ಅಪ್ಪಾ,

ನಿನಗ ಓದಾಕ ಬರ್ತಿರಲಿಲ್ಲ, ಈಗಂತೂ ನೀನೇ ಇಲ್ಲ. ಆದ್ರೂ ಇವತ್ತಿನ ಸುದ್ದಿ ನಿನಗ ಹೇಳದ ಇರಾಕ ಆಗವಲ್ದು.

ನನ್ನ ಕಿವೀನೂ ನಿನ್ನಂಗ ಸೋರಿ ಸೋರಿ ಮಂದಾಗ್ಯಾವ. ಮುಂಜಾನೆ ಕಲಬುರಗಿ ದವಾಖಾನಿಗೆ ಹೋಗಿದ್ದೆ. ಡಾಕ್ಟರ್ ಸಾಹೇಬರು ಕಿವಿ ಪರೀಕ್ಷಾ ಮಾಡೂ ಎರಡು ಕಾಲಿನ ಉಕ್ಕಿನ ಕವಲೊಂದನ್ನ ಬಡದು ಕಿವಿ ಹತ್ತರ ಹಿಡದ್ರು. ಏನೂ ಕೇಳಸಲಿಲ್ಲ. ಅದರ ಬುಡ ಕಿವಿ ಹಿಂದಿನ ಎಲುಬಿಗೆ ಒತ್ತಿದ್ರು ನೋಡು, ತಲಿ ತುಂಬ ಗುಂಯ್ ಅಂತು!

"ಸಪ್ಪಳ ಅಂದ್ರ ನಡುಕ ರೀ. ಗಾಳಿಯಾಗ ಹಾದು ಬರ್ತದ, ಎಲುಬಿನಾಗೂ ಹಾದು ಬರ್ತದ" ಅಂತ ಕಿವ್ಯಾಗ ಒದರಿ ಹೇಳಿದ್ರು.

ಕಮಲಾಪುರದ ನಮ್ಮ ಕುಲುಮಿ ನೆನಪಾತು. ಹೊಸ ಕಂಚಿನ ಗಂಗಾಳದ ಅಂಚು ಹಲ್ಲಾಗ ಕಚ್ಚಿ, ಬೆರಳಿಲೆ ಬಡದು, "ಇದರಾಗ ಸೀಳು ಅದ" ಅಂತ ನೀ ತಗದಿಡ್ತಿದ್ದಿ. "ಕಿವುಡಗ ಹಲ್ಲಿಲೆ ಏನ್ ಕೇಳ್ತದ?" ಅಂತ ಗಿರಾಕಿಗಳು ನಗತಿದ್ರು. ಅವರ ಸಂಗಾಟ ನಾನೂ ನಗತಿದ್ದೆ.

ಕಡೀ ದಿನ ನೀ ನನ್ನ ಎದಿಗೆ ಹಣಿ ಒತ್ತಿ, "ಏನರೆ ಮಾತಾಡೋ, ಸೂಗಪ್ಪಾ" ಅಂದಿ.

ಕೇಳದವಗ ಏನ್ ಹೇಳೂದು ಅಂತ, ನಿನ್ನ ಬೆನ್ನ ಮ್ಯಾಲ ಕೈಯಾಡಿಸ್ಕೋತ, ನಾ ಸುಮ್ನ ಕುಂತೆ.