ಒಂದೇ ರಸ್ತೆಯಲ್ಲಿ ಎರಡು ಇಪ್ಪತ್ತಮೂರು

ರಸ್ತೆಗಳ ಮುಖ್ಯ ಎಂಜಿನಿಯರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಗುಡ್ಡಗಳಾಚೆಯ ಅರವತ್ತೆಂಟು ಕಿಲೋಮೀಟರ್ ರಸ್ತೆಯಲ್ಲಿ ತಮ್ಮ ಇಲಾಖೆಯು ಇಪ್ಪತ್ತಮೂರನೆಯ ಕಿಲೋಮೀಟರ್ ಕಲ್ಲನ್ನು ಎರಡು ಕಡೆ ನೆಟ್ಟಿದೆ. ಒಂದು ಇಟ್ಟಿಗೆ ಗೂಡಿನ ಎದುರು. ಇನ್ನೊಂದು ಅಲ್ಲಿಂದ ಇಪ್ಪತ್ತೆರಡು ಕಿಲೋಮೀಟರ್ ದೂರದ ಕುರಿಹಟ್ಟಿಯ ಬಳಿ. ಈ ಕಾರಣದಿಂದ ಆ ಹಟ್ಟಿಯ ಗರ್ಭಿಣಿಯೊಬ್ಬಳ ಜೀವಕ್ಕೆ ಸಂಚಕಾರ ಒದಗಿದೆ. ಸಂಗತಿ ತಮ್ಮ ಅವಗಾಹನೆಗೆ ಬಂದಿಲ್ಲವೆಂದು ನಂಬುವಷ್ಟು ನಾನು ದಡ್ಡನಲ್ಲ. ಬಂದಿದೆಯೆಂದು ಒಪ್ಪುವಷ್ಟು ತಾವು ಸರಳರಲ್ಲ. ಆದುದರಿಂದ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ತಾಲೂಕು ಕಚೇರಿಯ ಗೇಟಿನ ಪಕ್ಕ ಅರ್ಜಿ ಬರೆಯುವವರ ಮೇಜಿನ ಮುಂದೆ ಕುಳಿತು ಮೂವತ್ತೊಂದು ವರ್ಷ ಶುದ್ಧಪ್ರತಿ ತೆಗೆದವನು ನಾನು. ಈಗ ಅರವತ್ತೊಂಬತ್ತು ನಡೆಯುತ್ತಿದೆ. ವರ್ಷಕ್ಕೊಮ್ಮೆ ಒಬ್ಬನೇ ಸೈಕಲ್ ತುಳಿದು ತಂಗಿಯ ಮನೆಗೆ ಹೋಗುವುದು ನನ್ನ ಪದ್ಧತಿ. ಈ ಸಲ ಹಳೆಯ ಹೆದ್ದಾರಿಯ ಬದಲು ತಮ್ಮ ಹೊಸ ರಸ್ತೆಯನ್ನು ಆರಿಸಿಕೊಂಡೆ. ಬೆಳಗಿನ ಐದಕ್ಕೆ ಹೊರಟೆ. ಮನೆಯಿಂದ ಹದಿನೈದು ಕಿಲೋಮೀಟರಿಗೆ ರಸ್ತೆ ಶುರುವಾಯಿತು, ಕಲ್ಲುಗಳೂ ಶುರುವಾದವು. ಒಂದು, ಎರಡು, ಮೂರು. ಒಂಟಿ ಸವಾರನಿಗೆ ಕಲ್ಲುಗಳೇ ಜೊತೆಗಾರರು. ಎಷ್ಟು ಗುಟುಕು ನೀರು ಕುಡಿಯಬೇಕು, ಬುತ್ತಿಯನ್ನು ಎಲ್ಲಿ ಬಿಚ್ಚಬೇಕು, ಏರಿನಲ್ಲಿ ಇಳಿದು ತಳ್ಳಬೇಕೋ ಬೇಡವೋ ಎಂಬುದನ್ನೆಲ್ಲ ಅವು ಹೇಳುತ್ತವೆ. ಮೂವತ್ತಾರನೆಯ ಕಲ್ಲಿನವರೆಗೆ ಅವುಗಳ ಮೇಲೆ ನನಗೆ ಯಾವ ದೂರೂ ಇರಲಿಲ್ಲ.

ಅಲ್ಲಿ, ಮಾತು ಬಿಟ್ಟ ಬೀಗರಂತೆ, ಎರಡು ಕಲ್ಲುಗಳು ಎದುರುಬದುರು ನಿಂತಿದ್ದವು. ಒಂದರ ಮೇಲೆ ಮೂವತ್ತಾರು, ಇನ್ನೊಂದರ ಮೇಲೆ ಮೂವತ್ತೆರಡು. ಮುಂದಿನದು ಮೂವತ್ತೊಂದು, ಅದರ ಮುಂದಿನದು ಮೂವತ್ತು. ಬಿಸಿಲು ನೆತ್ತಿಗೇರಿತೆಂದು ತಲೆಗೆ ನೀರು ಸುರಿದುಕೊಂಡೆ. ನೀರು ಖರ್ಚಾಯಿತು, ಅಂಕಿ ಬದಲಾಗಲಿಲ್ಲ. ಪೂರ್ವದ ಉಪವಿಭಾಗ ತನ್ನ ಬಾಗಿಲಿನಿಂದ ಎಣಿಸುತ್ತ ಬಂದಿದೆ, ಪಶ್ಚಿಮದ್ದು ತನ್ನ ಬಾಗಿಲಿನಿಂದ. ಕಲ್ಲಿನ ಮೇಲೆ ಊರಿನ ಹೆಸರು ಬರೆಸಿದ್ದರೂ ಸಾಕಿತ್ತು. ಅದೂ ಇಲ್ಲ, ಬರೀ ಅಂಕಿ. ಇಬ್ಬರು ಅಧಿಕಾರಿಗಳು ಒಂದು ದಿನ ಫೋನಿನಲ್ಲಿ ಮಾತಾಡಿದ್ದರೆ ಮುಗಿಯುತ್ತಿದ್ದ ಕೆಲಸವಿದು. ಅಷ್ಟು ಬಿಡುವು ಯಾರಿಗಿದೆ, ಹೇಳಿ?

ಮಧ್ಯಾಹ್ನ ಎರಡರ ಹೊತ್ತಿಗೆ ಪಶ್ಚಿಮದ ಇಪ್ಪತ್ತಮೂರನೆಯ ಕಲ್ಲಿನ ಬಳಿಯ ಇಳಿಜಾರಿನಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದೆ. ಬಲಮೊಣಕಾಲು ನೋಡನೋಡುತ್ತಲೇ ಊದಿಕೊಂಡಿತು. ತುರ್ತು ವಾಹನಕ್ಕೆ ಫೋನ್ ಮಾಡಿದೆ. ಆ ಕಡೆಯ ಹುಡುಗಿಗೆ ಎರಡು ಕಲ್ಲುಗಳ ವೃತ್ತಾಂತವನ್ನು ಸವಿವರವಾಗಿ ನಿವೇದಿಸತೊಡಗಿದೆ. ಅವಳು ನಡುವೆಯೇ ತಡೆದಳು.

"ತಾತ, ಕಲ್ಲಿನ ನಂಬರ್ ಅಷ್ಟೇ ಹೇಳಿ. ಇಲ್ಲಿ ಒತ್ತೋಕಾಗೋದು ಅದೊಂದೇ."

ಹೇಳಿದೆ. ಒಂದೂವರೆ ಗಂಟೆಯ ಬಳಿಕ ಅವಳೇ ಫೋನ್ ಮಾಡಿ, ವಾಹನ ಸ್ಥಳಕ್ಕೆ ಹೋಗಿತ್ತು, ಅಲ್ಲಿ ಯಾರೂ ಇರಲಿಲ್ಲ, ಸುಳ್ಳು ಕರೆ ಮಾಡುವುದು ಅಪರಾಧ ಎಂದು ತಿಳಿಸಿದಳು. ಕರೆ ಮಾಡಿದವನು ತನ್ನ ಊದಿದ ಮೊಣಕಾಲನ್ನು ನೋಡುತ್ತ ಈ ಎಚ್ಚರಿಕೆಯನ್ನು ಆಲಿಸಿದನೆಂದು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಹಟ್ಟಿಯ ಯಜಮಾನಿ ಕುರಿ ಹೊಡೆದುಕೊಂಡು ಬಂದವಳು ನನ್ನನ್ನು ಕಂಡು, "ಈ ವಯಸ್ಸಲ್ಲಿ ಸೈಕಲ್ ಯಾಕೆ ಯಜಮಾನ್ರೇ, ಮನೇಲಿ ಬೈದ್ರಾ?" ಎಂದಳು. ಫೋನಿನ ಕತೆ ಕೇಳಿದ ಮೇಲೆ ಅವಳ ನಗು ನಿಂತಿತು. "ಹೋಯ್ತು ಬಿಡಿ. ಗೂಡಿನ ಇಪ್ಪತ್ಮೂರಕ್ಕೆ ಹೋಗಿರ್ತಾರೆ. ಇದು ಹಟ್ಟಿ ಇಪ್ಪತ್ಮೂರು. ಹೋದ ವರ್ಷ ನಮ್ಮನೆಯವ್ರಿಗೂ ಹಿಂಗೇ ಆಯ್ತು." ಅವಳ ಗಂಡನನ್ನು ಅಂಗಳದ ಮಂಚದ ಮೇಲೆ ಕಂಡೆ. ಅಂದು ಲಕ್ವ ಹೊಡೆದಾಗ ಉಣ್ಣೆ ಲಾರಿಯಲ್ಲಿ ಆಸ್ಪತ್ರೆ ಸೇರುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಅವನ ಬಲಗೈ, ಬಲಗಾಲು ಅವನ ಮಾತು ಕೇಳುವುದಿಲ್ಲ. ನನ್ನ ಕಾಲಿಗೆ ಪಟ್ಟಿ ಕಟ್ಟಿದವಳು ಅವರ ಮಗಳು, ಎಂಟು ತಿಂಗಳ ಬಸುರಿ. ಮಗು ಅಡ್ಡ ತಿರುಗಿದೆ, ನೋವು ಕಾಣಿಸಿದ ಕೂಡಲೇ ಆಸ್ಪತ್ರೆಗೆ ಬರಲೇಬೇಕು ಎಂದು ವೈದ್ಯರು ಹೇಳಿದ್ದಾರಂತೆ. ಲಾರಿ ವಾರಕ್ಕೆರಡೇ ಸಲ ಬರುತ್ತದೆ. ನೋವು ಲಾರಿಯ ದಿನ ನೋಡಿ ಬರುತ್ತದೆಯೇ?

ಸಂಜೆ ಅದೇ ಲಾರಿಗೆ ನನ್ನನ್ನೂ ಸೈಕಲ್ಲನ್ನೂ ಹತ್ತಿಸುವಾಗ ಆ ಮಗಳು ಕೇಳಿದಳು: "ತಾತ, ನಿಮ್ಮ ಅಕ್ಷರ ಚೆನ್ನಾಗಿದೆ ಅಂದ್ರಲ್ಲ, ಈ ಕಲ್ಲಿನ ಮೇಲೆ ಬೇರೆ ನಂಬರ್ ಬರೆದುಕೊಡ್ತೀರಾ?"

ಸರ್ಕಾರಿ ಕಲ್ಲಿನ ಮೇಲೆ ಗೀಚುವುದು ಶಿಕ್ಷಾರ್ಹವೆಂದು ಬುದ್ಧಿ ಹೇಳಿದೆ. ಅರ್ಜಿ ಹಾಕುತ್ತೇನೆ, ಅರ್ಜಿಯಿಂದ ಆಗದ್ದಿಲ್ಲ ಎಂದೆ. ನಾನಾಡಿದ ಆ ಮಾತು ನನಗೇ ದಾರಿಯುದ್ದಕ್ಕೂ ಚುಚ್ಚಿತು.

ರಸ್ತೆಯ ಪಶ್ಚಿಮದ ತುದಿಯಲ್ಲಿರುವ ತಂಗಿಯ ಮನೆಯಿಂದ ಎರಡೂ ಉಪವಿಭಾಗಗಳಿಗೆ ಬರೆದೆ. ಪೂರ್ವದವರು, ತಮ್ಮ ಕಲ್ಲುಗಳು ನಿಯಮಾನುಸಾರ ಇವೆ, ಪಶ್ಚಿಮದವರನ್ನು ಸಂಪರ್ಕಿಸಿ ಎಂದರು. ಪಶ್ಚಿಮದವರ ಉತ್ತರವೂ ಅದೇ. ದಿಕ್ಕು ಮಾತ್ರ ಬೇರೆ. ತುರ್ತು ವಾಹನದವರು, ಕಲ್ಲುಗಳ ಪಟ್ಟಿ ಮುಖ್ಯ ಎಂಜಿನಿಯರ್ ಕಚೇರಿಯಿಂದ ಬಂದದ್ದು, ತಿದ್ದುವ ಅಧಿಕಾರ ಅವರೊಬ್ಬರಿಗೇ ಇದೆ ಎಂದರು. ತಮಗೆ ಕಳಿಸಿದ ಮೂರು ರಿಜಿಸ್ಟರ್ಡ್ ಪತ್ರಗಳಿಗೆ ಉತ್ತರವಿಲ್ಲ.

ಇನ್ನು ಮುಂದಿನದು ನನ್ನ ತಪ್ಪೊಪ್ಪಿಗೆ. ಹದಿನೆಂಟು ದಿನಗಳ ನಂತರ, ಕಾಲು ಮಡಚಲು ಬಂದೊಡನೆ, ತಂಗಿ ಬಯ್ಯುತ್ತಿದ್ದಂತೆಯೇ ಸೈಕಲ್ ಹತ್ತಿ, ಇಪ್ಪತ್ತಮೂರು ಕಿಲೋಮೀಟರ್ ಹಿಂದಕ್ಕೆ ತುಳಿದು, ಆ ಕಲ್ಲಿನ ಹಳೆಯ ಅಂಕಿಯ ಮೇಲೆ ಸುಣ್ಣ ಬಳಿದು, ಪೂರ್ವದಿಂದ ಎಣಿಸಿದರೆ ಬರುವ ನಿಜವಾದ ಅಂಕಿಯನ್ನು ಬರೆದೆ: ನಲವತ್ತೈದು. ಶುದ್ಧಪ್ರತಿ ತೆಗೆದ ಕೈ. ಅಕ್ಷರಕ್ಕೆ ತಾವು ಕೊಂಕು ತೆಗೆಯಲಾರಿರಿ. ಬಳಿಕ ಪರೀಕ್ಷೆಗೆಂದು ಹಟ್ಟಿಯ ಯಜಮಾನಿಯ ಕೈಯಲ್ಲಿ ಅಲ್ಲಿಂದಲೇ ಫೋನ್ ಮಾಡಿಸಿದೆ. ಉತ್ತರ ಬಂತು: "ಆ ರಸ್ತೇಲಿ ನಲವತ್ತೈದು ಅನ್ನೋ ಕಲ್ಲೇ ಇಲ್ವಲ್ಲ ಅಮ್ಮ."

ತಮ್ಮ ಪಟ್ಟಿ ಮೂವತ್ತಾರಕ್ಕೇ ನಿಂತಿದೆ. ಸುಳ್ಳು ಅಂಕಿ ಹೇಳಿದರೆ ವಾಹನ ಗೂಡಿಗೆ ಹೋಗುತ್ತದೆ, ನಿಜ ಹೇಳಿದರೆ ಎಲ್ಲಿಗೂ ಹೋಗುವುದಿಲ್ಲ. ಒಳ್ಳೆಯದು ಮಾಡಲು ಹೋಗಿ ಆ ಹಟ್ಟಿಯನ್ನು ನಾನು ಭೂಮಿಯಿಂದಲೇ ಅಳಿಸಿ ಬಂದಂತಾಯಿತು. ಈಗ ತಪ್ಪಿತಸ್ಥರು ಇಬ್ಬರು: ತಾವು ಮತ್ತು ನಾನು. ನನ್ನ ಪಾಲಿನದನ್ನು ಒಪ್ಪಿಕೊಂಡಿದ್ದೇನೆ.

ನನ್ನ ಬೇಡಿಕೆ ಒಂದೇ. ಕಲ್ಲುಗಳನ್ನು ಸಾವಕಾಶವಾಗಿ ಬದಲಿಸಿ, ಸಮಿತಿ ರಚಿಸಿ, ವರದಿ ತರಿಸಿಕೊಳ್ಳಿ. ಆದರೆ ಆ ಪಟ್ಟಿಯಲ್ಲಿ 'ನಲವತ್ತೈದು, ಕುರಿಹಟ್ಟಿ' ಎಂಬ ಒಂದು ಸಾಲನ್ನು ಈ ವಾರವೇ ಸೇರಿಸಿ. ನನ್ನ ಮೇಲೆ ಮೊಕದ್ದಮೆ ಹೂಡುವುದಾದರೆ ಧಾರಾಳವಾಗಿ ಹೂಡಿ. ಅಪರಾಧ ನಡೆದ ಸ್ಥಳ ಎಂಬ ಕಾಲಂ ತುಂಬಲೇಬೇಕಲ್ಲ? ಇಪ್ಪತ್ತಮೂರು ಎಂದು ಬರೆದರೆ ಯಾವ ಇಪ್ಪತ್ತಮೂರೆಂದು ನ್ಯಾಯಾಲಯ ಕೇಳುತ್ತದೆ. ನಲವತ್ತೈದು ಎಂದು ಬರೆದರೆ ಆ ಕಲ್ಲು ಇದೆಯೆಂದು ತಾವೇ ಸಹಿ ಹಾಕಿದಂತಾಗುತ್ತದೆ. ಅದೇ ಕಾಗದವನ್ನು ವಾಹನದವರಿಗೆ ತೋರಿಸುತ್ತೇನೆ.

ಯಾವುದನ್ನು ಮಾಡಿದರೂ ಬೇಗ ಮಾಡಿ. ಆಕೆಗೆ ವೈದ್ಯರು ಕೊಟ್ಟಿರುವ ದಿನಕ್ಕೆ ಇನ್ನು ಉಳಿದಿರುವುದು ಒಂಬತ್ತು ದಿನ.

ಇಂತಿ,
ಅರ್ಜಿಯಿಂದ ಆಗದ್ದಿಲ್ಲವೆಂದು ಒಂದು ಹೆಣ್ಣುಮಗಳಿಗೆ ಮಾತು ಕೊಟ್ಟು ಬಂದಿರುವ,
ಒಬ್ಬ ಹಳೆಯ ನಕಲುಗಾರ