ಇನ್ನೂರರ ಮೇಲೊಂದು ಕೂದಲು

ಮಾರ್ಚ್ ೩, ಮಂಗಳವಾರ. ಬೆಳಿಗ್ಗೆ ೧೧

ತಪ್ಪೊಪ್ಪಿಗೆ. ಇಂದು ಹತ್ತು ನಲವತ್ತಕ್ಕೆ, ಸ್ವಸ್ಥ ಚಿತ್ತದಿಂದ, ಒಂದು ನಾಲ್ಕನ್ನು ಕೊಂದೆ. ಪಾಪದ ಅಂಕಿ. ದಶಾಂಶದ ಬಿಂದುವಿನಾಚೆ ಸೊನ್ನೆಯ ಪಕ್ಕ ತನ್ನಷ್ಟಕ್ಕೆ ಕೂತಿತ್ತು. ಫಲಿತಾಂಶ ೨೦೦.೦೪. ಅಳಿಸಿ ೨೦೦ ಎಂದು ಬರೆದೆ. ಸಾಕ್ಷಿ: ತಣ್ಣಗಾದ ಚಹಾ.

ವೆಬ್ ಸರ್ವಿಸ್‌ಗಳ ಗುಣಮಟ್ಟ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ಅಳೆಯುವವನು ನಾನು, ಅಳುವವರು ಅವರು. ಈ ಸಲದ್ದು 'ಬಸ್ ಎಲ್ಲಿದೆ' ಸರ್ವಿಸ್. ಸರಾಸರಿ ಇನ್ನೂರು ಮಿಲಿಸೆಕೆಂಡಿನೊಳಗೆ ಉತ್ತರಿಸಿದರೆ ಪಾಸು, ಕೂದಲೆಳೆ ಮೀರಿದರೂ ಫೇಲು. ಅದನ್ನು ನಡೆಸುವವರಿಗೆ ನಾನಿಟ್ಟ ಹೆಸರು ಬಸ್ ಮೇಡಂ. ನಾಲ್ಕು ಜನರ ಕಂಪನಿ. ಸರ್ಟಿಫಿಕೇಟ್ ಇಲ್ಲದಿದ್ದರೆ ಬಸ್ ಮಂಡಳಿಯ ಕಾಂಟ್ರಾಕ್ಟ್ ಇಲ್ಲ, ಅದಿಲ್ಲದಿದ್ದರೆ ಕಂಪನಿಯೇ ಇಲ್ಲ. ನಾಲ್ವರಿಗಾಗಿ ಒಂದು ನಾಲ್ಕು... ತಪ್ಪೇ?

ಸಂಜೆ ೬

ಅಕ್ಕನ ಮನೆ. ಅಕ್ಕ ಗಣಿತದ ಪ್ರೊಫೆಸರ್. ಅವಳು ಸಂಶೋಧನೆ ಮಾಡುವ ಲೆಕ್ಕದ ಯಂತ್ರ ಇರುವುದು ಕಾಗದದ ಮೇಲೆ ಮಾತ್ರ. ಕೊನೆಯಿಲ್ಲದ ದಶಾಂಶವನ್ನೂ ಇಡಿಯಾಗಿ ನುಂಗುತ್ತದೆ, ಎರಡು ವಾಸ್ತವ ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಒಂದೇ ಹೆಜ್ಜೆಯಲ್ಲಿ ಹೇಳುತ್ತದೆ. ಯಾವ ಲೆಕ್ಕಕ್ಕೆ ಎಷ್ಟು ಹೆಜ್ಜೆ ಬೇಕು ಎಂದು ಎಣಿಸುವುದರಲ್ಲೇ ಅವಳ ಇಪ್ಪತ್ತು ವರ್ಷ ಕಳೆದಿವೆ. ವಾಸ್ತವ ಸಂಖ್ಯೆ, ಅವಾಸ್ತವ ಯಂತ್ರ ಎಂದು ನಾನು ಕಾಡುವುದುಂಟು.

ಕೊಲೆಯ ಕಥೆಯನ್ನು ತಮಾಷೆಯಾಗಿ ಹೇಳಿದೆ. ನಗಲಿಲ್ಲ. "ನನ್ನ ಯಂತ್ರ ಸುಳ್ಳು, ಆದರೆ ಸುಳ್ಳು ಹೇಳಲ್ಲ ಕಣೋ" ಎಂದಳು.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಮಾರ್ಚ್ ೪, ಬುಧವಾರ

ನಾಲ್ಕಕ್ಕೆ ಮರುಜನ್ಮ. ಬಸ್ ಸರ್ವಿಸ್ ಫೇಲು. ರಿಪೋರ್ಟ್ ಮಂಡಳಿಗೆ ಹೋಯಿತು. ನಮ್ಮ ಆಫೀಸಿನ ಸಾಹೇಬರು ಬೆನ್ನು ತಟ್ಟಿದರು. ಅವರೆದುರೇ ಹೇಳಿಬಿಟ್ಟೆ — ಹನ್ನೊಂದು ವರ್ಷದಲ್ಲಿ ನನ್ನ ಅಳತೆ ಒಮ್ಮೆಯೂ ತಪ್ಪಿಲ್ಲ ಸಾರ್. ತೂಕದ ಮಾತು. ಹೇಳಿದ ಮೇಲೆ ನನ್ನ ತೂಕವೂ ಎರಡು ಕೆಜಿ ಏರಿದ ಹಾಗಿತ್ತು.

ಮಾರ್ಚ್ ೯, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಮನಸ್ಸಾಗಲಿಲ್ಲ.

ಇಂದು ಬಸ್ ಮೇಡಂ ಬಂದರು. ಬೈಯಲಿಲ್ಲ — ಬೈದಿದ್ದರೆ ಚೆನ್ನಾಗಿತ್ತು. ಗ್ರಾಫ್ ನೋಡಬೇಕೆಂದರು. ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

"ಸರ್, ನಮ್ಮದಕ್ಕೆ ಬೆಳಿಗ್ಗೆ ಎಂಟಕ್ಕೆ ಉಬ್ಬಸ ಬರತ್ತೆ. ಊರಿಗೆ ಊರೇ ಬಸ್ ಎಲ್ಲಿ ಅಂತ ಕೇಳತ್ತಲ್ಲ. ಮಧ್ಯಾಹ್ನ ಆರಾಮ. ಇಲ್ಲಿ ಹತ್ತು ದಿನವೂ ಒಂದೇ ಗೆರೆ. ಇದು ನಮ್ಮ ಮಗುವಿನ ಹಾಗೆ ಕಾಣಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ. ಬಾಯಲ್ಲಿ ಮಾತ್ರ ಸ್ಥಿರತೆಯ ಬಗ್ಗೆ ಹದಿನೈದು ನಿಮಿಷ ಉಪನ್ಯಾಸ. ಕೇಳಿಸಿಕೊಂಡು ಎದ್ದು ಹೋದರು. ಬುಧವಾರ ಹತ್ತಕ್ಕೆ ಮಂಡಳಿಯ ಸಭೆ, ಅಲ್ಲಿ ಕಾಂಟ್ರಾಕ್ಟ್ ರದ್ದು.

ಮಾರ್ಚ್ ೧೦, ಮಂಗಳವಾರ. ಸಂಜೆ

ಅಕ್ಕನಿಗೆ ಗ್ರಾಫ್ ತೋರಿಸಿದೆ, ಹೊಗಳಲಿ ಎಂದು. ಕನ್ನಡಕ ಹಣೆಗೇರಿಸಿದಳು.

"ಲೋ, ಇನ್ನೂರರ ಗೆರೆಯ ಆಚೆಗೂ ಈಚೆಗೂ ಲೆಕ್ಕವಿಲ್ಲದಷ್ಟು ಸಂಖ್ಯೆಗಳಿವೆ. ಅಷ್ಟರಲ್ಲಿ ಒಂದು ಬಂದು ಗೆರೆ ಮೇಲೇ ನಿಲ್ಲತ್ತಾ? ತಾನಾಗಿ ಬಂದದ್ದಲ್ಲ ಇದು. ಯಾರೋ ತಂದು ನಿಲ್ಲಿಸಿದ್ದಾರೆ."

ಯಾರು ಎಂದು ಕೇಳಿದೆ. ಪಲ್ಯಕ್ಕೆ ಉಪ್ಪು ಹಾಕಲು ಹೋದಳು.

ಮಾರ್ಚ್ ೧೧, ಬುಧವಾರ. ಬೆಳಿಗ್ಗೆ ೯

ಯಾರಿಗಿಂತಲೂ ಮೊದಲು ಆಫೀಸಿಗೆ. ನನ್ನ ಮೀಟರಿನ, ಅಂದರೆ ಅಳೆಯುವ ಪ್ರೋಗ್ರಾಮಿನ, ಸೆಟ್ಟಿಂಗ್ಸ್ ಫೈಲ್ ತೆರೆದೆ. ಅಳೆಯಬೇಕಾದ ಸರ್ವಿಸಿನ ವಿಳಾಸ — ಮೂರನೇ ಸಾಲು. ಬಸ್ ಮೇಡಂನದ್ದಲ್ಲ. ಅಯ್ಯೋ ಶಿವನೇ.

ಸರಿಯಾದ ವಿಳಾಸ ಹಾಕಿ ಒಂದು ಗಂಟೆ ಅಳೆದೆ. ಉಬ್ಬಸದ ಹೊತ್ತಿನಲ್ಲೇ. ಸರಾಸರಿ ೧೩೮.

ಮಧ್ಯಾಹ್ನ ೧

ಒಂಬತ್ತೂವರೆಗೆ ಮಂಡಳಿಗೆ ಪತ್ರ: ವಿಳಾಸ ತಪ್ಪಿತ್ತು, ರಿಪೋರ್ಟ್ ವಾಪಸ್. ಸಹಿ ನನ್ನದೇ. ಮರುಪರೀಕ್ಷೆಗೆ ಹತ್ತು ದಿನ ಕೊಟ್ಟರು, ಕಾಂಟ್ರಾಕ್ಟ್ ಉಸಿರಾಡುತ್ತಿದೆ. ಸಾಹೇಬರು ಬೆನ್ನು ತಟ್ಟಲಿಲ್ಲ, ತಮ್ಮ ಹಣೆ ತಟ್ಟಿಕೊಂಡರು.

ಮೇಡಂಗೆ ಫೋನ್ ಮಾಡಿದೆ. ಆ ಕಡೆಯಿಂದ ನಗು. ಕೊನೆಗೆ ಕೇಳಿದರು: "ಅಲ್ಲ ಸರ್, ಹಾಗಾದ್ರೆ ಫೇಲಾದದ್ದು ಯಾರ ಸರ್ವಿಸ್? ಪಾಪ, ಅವರಿಗೂ ಹೇಳಿಬಿಡಿ."

ಗೌಪ್ಯ, ಹೇಳುವಂತಿಲ್ಲ ಎಂದೆ. ಗಂಭೀರವಾಗಿಯೇ ಎಂದೆ.

ಇಲ್ಲಿ ಬರೆಯಬಹುದು. ಅದು ಜನವರಿಯಲ್ಲಿ ನನ್ನ ಮೀಟರ್ ಸರಿಯಿದೆಯೇ ನೋಡಲು ಇದೇ ಕಂಪ್ಯೂಟರಿನಲ್ಲಿ ಕಟ್ಟಿದ ಡಮ್ಮಿ ಸರ್ವಿಸ್. ಯಾರು ಏನೇ ಕೇಳಲಿ, ಸರಿಯಾಗಿ ಇನ್ನೂರು ಮಿಲಿಸೆಕೆಂಡ್ ಸುಮ್ಮನಿದ್ದು 'ಬಸ್ ಬರುತ್ತಿದೆ' ಎನ್ನುತ್ತದೆ. ಕಟ್ಟಿದವನು, ವಿಳಾಸ ತೆಗೆಯಲು ಮರೆತವನು, ಹತ್ತು ದಿನ ಅದನ್ನೇ ಅಳೆದು ಕಳಪೆ ಎಂದು ಷರಾ ಬರೆದವನು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ —